ಬೆಳಿಗ್ಗೆ ಓಟ, ಬಂದ ಕೂಡಲೇ ಬರಹ: ದಾವಣಗೆರೆಯಲ್ಲಿ ಎರಡನ್ನೂ ದಿನಾ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಜನವರಿ ಬಂದರೆ ಕುಂದವಾಡ ಕೆರೆ ಏರಿ ಮೇಲೆ ಹೊಸ ಶೂಗಳು ಬಹಳ ಕಾಣುತ್ತವೆ. ಶಿವರಾತ್ರಿ ಹೊತ್ತಿಗೆ ಅರ್ಧಕ್ಕರ್ಧ ಜನ ನಾಪತ್ತೆ. ಅವರಲ್ಲೂ ಕಥೆ ಬರೆಯುವವರು, ಚಿತ್ರ ಬಿಡಿಸುವವರು, ನಾಟಕದವರು ಇನ್ನೂ ಬೇಗ ಕೈಬಿಡುತ್ತಾರೆ. ಓದುಗರು ಹೇಳಿಕೊಳ್ಳುವ ಕಷ್ಟವೂ ಹೆಚ್ಚುಕಮ್ಮಿ ಒಂದೇ: ಓಡಿದ ದಿನ ಬರೆಯೋಕಾಗಲ್ಲ, ಬರೆದ ದಿನ ಓಡೋಕಾಗಲ್ಲ.

ಕಾಲಲ್ಲಿ ಶಕ್ತಿ ಸಾಲದೆ ಬಿಟ್ಟವರು ಕಡಿಮೆ. ಕ್ರಮ ತಪ್ಪಿ ಬಿಟ್ಟವರೇ ಜಾಸ್ತಿ. ಓಟಕ್ಕೆ ಮೊದಲು ಹೊತ್ತು ಕೊಟ್ಟು, ಉಳಿದದ್ದರಲ್ಲಿ ಬರೆಯೋಣ ಅಂದುಕೊಳ್ಳುತ್ತಾರೆ. ಉಳಿಯುವುದೇ ಇಲ್ಲ. ಇಲ್ಲವೇ ಏದುಸಿರು ಬಿಡುತ್ತಾ ಓಡಿ, ಮನೆಗೆ ಬಂದು ಮಂಚಕ್ಕೆ ಬೀಳುತ್ತಾರೆ. ಹಾಗಾಗಿ ಇಲ್ಲಿ ಓಟದ ಲಾಭಗಳ ಪಟ್ಟಿ ಕೊಡುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತೀರಿ, ಯಾವಾಗ ನಿಲ್ಲಿಸಬೇಕು ಅನ್ನುವುದಷ್ಟೇ ವಿಷಯ.

ಗುರಿ ಇಷ್ಟು: ಆರೇಳು ತಿಂಗಳಲ್ಲಿ ವಾರದ ದಿನ 5ರಿಂದ 8 ಕಿ.ಮೀ., ಭಾನುವಾರ 12ರಿಂದ 16 ಕಿ.ಮೀ. ನಿಧಾನವಾಗಿ ಓಡುವುದು. ವಾರದ ದಿನ ತಪ್ಪದೆ ಮೇಜಿನ ಮುಂದೆ 40 ನಿಮಿಷ ಕೂರುವುದು. ಮೇಜು ಅಂದರೆ ನಿಮ್ಮ ಕೆಲಸದ ಜಾಗ. ಕ್ಯಾನ್ವಾಸ್ ಇರಬಹುದು, ಹಾರ್ಮೋನಿಯಂ ಇರಬಹುದು. 42.195 ಕಿ.ಮೀ. ಮ್ಯಾರಥಾನ್ ಈ ಬರಹದ ವಿಷಯವಲ್ಲ. ಅದಕ್ಕೆ ಬೇಕಾದ ಸಿದ್ಧತೆ ಬೇರೆ, ಅದು ಮೇಜಿನ ಹೊತ್ತನ್ನೂ ಸ್ವಲ್ಪ ತಿನ್ನುತ್ತದೆ.

ನಲವತ್ತು ದಾಟಿದವರು, ಬಿ.ಪಿ., ಶುಗರ್ ಇರುವವರು, ಮನೆಯಲ್ಲಿ ಹೃದಯದ ಕಾಯಿಲೆಯ ಚರಿತ್ರೆ ಇರುವವರು ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಓಡುವಾಗ ಜೇಬಲ್ಲಿ ಗ್ಲೂಕೋಸ್ ಇಲ್ಲವೇ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲೇಬೇಕು.

## ಬೇಕಾಗುವ ಸಾಮಾನು

ಖರ್ಚು ಮಾಡಬೇಕಾದದ್ದು ಶೂಗೆ ಮಾತ್ರ. ಸಂಜೆ ಹೊತ್ತು ಕೊಳ್ಳಲು ಹೋಗಿ. ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ನಿಂತಾಗ ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಉಗುರು ಕಪ್ಪಾಗುವುದು ಬಹುತೇಕ ಈ ಜಾಗ ಸಾಲದೆಯೇ. ಅಂಗಡಿಯವರು 'ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸರ್' ಅಂದರೆ ನಂಬಬೇಡಿ. ಒಂದು ಜೊತೆ ಸುಮಾರು 500ರಿಂದ 800 ಕಿ.ಮೀ. ಬರುತ್ತದೆ. ಕೊಂಡ ದಿನಾಂಕವನ್ನು ಒಳಗಿನ ಅಟ್ಟೆ ಮೇಲೆ ಪೆನ್ನಲ್ಲಿ ಬರೆದಿಡಿ.

ಲೇಸ್ ಕಟ್ಟುವುದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಹಿಮ್ಮಡಿ ಉಜ್ಜಿ ಗುಳ್ಳೆ ಏಳುವುದು, ಇಳಿಜಾರಲ್ಲಿ ಬೆರಳು ಮುಂದಕ್ಕೆ ಗುದ್ದುವುದು, ಎರಡೂ ಇಲ್ಲಿಂದಲೇ ಬರುತ್ತವೆ. ಶೂವಿನ ಮೇಲ್ತುದಿಯಲ್ಲಿ, ಕಣಕಾಲಿನ ಪಕ್ಕ, ಎಲ್ಲರೂ ಖಾಲಿ ಬಿಡುವ ಒಂದು ತೂತು ಇರುತ್ತದೆ. ಲೇಸನ್ನು ಹೊರಗಿನಿಂದ ಒಳಕ್ಕೆ, ಅದೇ ಪಕ್ಕದ ಆ ತೂತಿಗೆ ತೂರಿಸಿ. ಪೂರ್ತಿ ಎಳೆಯಬೇಡಿ, ಬೆರಳು ಹಿಡಿಸುವಷ್ಟು ಸಣ್ಣ ಕುಣಿಕೆ ಬಿಡಿ. ಇನ್ನೊಂದು ಪಕ್ಕವೂ ಹಾಗೇ. ಈಗ ಎಡಗಡೆ ತುದಿಯನ್ನು ಬಲಗಡೆ ಕುಣಿಕೆಯೊಳಗೆ, ಬಲಗಡೆಯದನ್ನು ಎಡಗಡೆ ಕುಣಿಕೆಯೊಳಗೆ ಹಾಕಿ. ಹಿಮ್ಮಡಿಯನ್ನು ಶೂವಿನ ಹಿಂಭಾಗಕ್ಕೆ ಒತ್ತಿಕೊಂಡು ಎರಡೂ ತುದಿಯನ್ನು ಕೆಳಕ್ಕೆ ಎಳೆದು ಗಂಟು ಹಾಕಿ. ಬೆರಳಿನ ಕಡೆ ಸಡಿಲ, ಹಿಮ್ಮಡಿ ಕಡೆ ಬಿಗಿ. ಹಾಗಿರಬೇಕು.

ಉಳಿದದ್ದು: ಬೇಗ ಒಣಗುವ ಬಟ್ಟೆ (ಹತ್ತಿ ಬನಿಯನ್ ಬೆವರು ಕುಡಿದು ಉಜ್ಜುತ್ತದೆ), ತೊಡೆ ಸಂದಿಗೂ ಎದೆಗೂ ಹಚ್ಚಲು ವ್ಯಾಸಲೀನ್, ಹೆಂಗಸರಿಗೆ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ, ಸಾಧಾರಣ ಕೈಗಡಿಯಾರ, ಕತ್ತಲಿಗೆ ತಲೆಗೆ ಕಟ್ಟುವ ಲೈಟು. ಇನ್ನೊಂದು ಅಂಗೈಯಗಲದ ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ಬೆವರಿಗೆ ಶಾಯಿ ಹರಡುತ್ತದೆ. ದುಬಾರಿ ವಾಚು ಸದ್ಯಕ್ಕೆ ಬೇಕಿಲ್ಲ. ಅದು ಹೇಳುವ ಅಂಕಿ ನೋಡಿಯೇ ಜನ ಅಗತ್ಯಕ್ಕಿಂತ ಜೋರಾಗಿ ಓಡುವುದು.

## ಹಂತ 1: ಮೇಜಿನ ಹೊತ್ತನ್ನು ಮೊದಲು ಗೊತ್ತು ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ದಿನದಲ್ಲಿ ಯಾರೂ ಕರೆಯದ 40 ನಿಮಿಷ ಎಲ್ಲಿದೆ ಹುಡುಕಿ. ಅದನ್ನು ಮೊದಲು ಬರೆಯಿರಿ. ಓಟ ಅದಕ್ಕೆ ಹೊಂದಿಕೊಂಡು ಕೂರಬೇಕು.

ಕೆಲಸಕ್ಕೆ ಹೋಗುವವರಿಗೆ ಬಹುಪಾಲು ಸಿಗುವುದು ಬೆಳಿಗ್ಗೆ 6.15ರಿಂದ 6.55. ಅಂದರೆ 5ಕ್ಕೆ ಏಳುವುದು, 5.20ಕ್ಕೆ ಹೊರಡುವುದು, 6.05ರೊಳಗೆ ವಾಪಸ್. ನಲ್ಲಿ ನೀರು ಬರುವ ದಿನ, ಮಕ್ಕಳ ಸ್ಕೂಲ್ ವ್ಯಾನ್ ಬರುವ ಹೊತ್ತು, ಹಾಲಿನವರು ಬರುವ ಹೊತ್ತು, ಎಲ್ಲವನ್ನೂ ಆ ಹಾಳೆಯಲ್ಲೇ ಗುರುತಿಸಿ. ಮನೆಯವರ ಜೊತೆ ಕೂತು ಮಾಡಿದರೆ ಒಳ್ಳೆಯದು. ನೀವು ಓಡಿ ಬಂದು ಬಾಗಿಲು ಹಾಕಿಕೊಂಡರೆ ಅಡುಗೆಮನೆ ಕೆಲಸ ಯಾರ ತಲೆ ಮೇಲೆ ಬೀಳುತ್ತದೆ ಅಂತ ಮೊದಲೇ ಮಾತಾಡಿಕೊಳ್ಳಬೇಕು, ಅಲ್ವಾ? ಇದನ್ನು ಇತ್ಯರ್ಥ ಮಾಡದ ಗಂಡಸರ ಓಟ ಮೂರು ವಾರ ದಾಟುವುದು ಕಷ್ಟ. ದಾಟಲೂ ಬಾರದು.

ರಾತ್ರಿಯೇ ಬರೆಯುವವರು ಓಟವನ್ನು ಸಂಜೆಗೆ ಹಾಕಿಕೊಳ್ಳಬಹುದು. ಓಡಿ ಬಂದು, ಕೆಲಸ ಮುಗಿಸಿ, ಊಟ ಮಾಡಿ ಮಲಗುವಷ್ಟು ಬಿಡುವಿರಲಿ. ಹತ್ತಕ್ಕೆ ಓಡಿ ಹನ್ನೊಂದಕ್ಕೆ ಮಲಗುತ್ತೇನೆ ಅಂದರೆ ನಿದ್ದೆ ಕೈಕೊಡುತ್ತದೆ.

## ಹಂತ 2: ಹಿಂದಿನ ರಾತ್ರಿಯ ತಯಾರಿ

ಏಳು ಗಂಟೆ ನಿದ್ದೆ ಬೇಕು. ಐದಕ್ಕೆ ಏಳಬೇಕಾದರೆ ಹತ್ತಕ್ಕೆ ದೀಪ ಆರಬೇಕು. ಹನ್ನೊಂದೂವರೆಗೆ ಮಲಗಿದ ದಿನ ಅಲಾರಂ ಆರೂವರೆಗೆ ಸರಿಸಿ, ಓಟ ಬಿಡಿ, ಇದ್ದಷ್ಟು ಹೊತ್ತು ಮೇಜಿಗೆ ಕೂರಿ. ನಿದ್ದೆಗೆಟ್ಟು ಓಡಿದವರಿಗೆ ಗಾಯ ಬೇಗ ಆಗುತ್ತದೆ, ಬರಹವೂ ಬರುವುದಿಲ್ಲ.

ಬಟ್ಟೆ, ಶೂ, ಬೀಗದ ಕೈ ಒಂದೇ ಕಡೆ ಇಡಿ. ಮೇಜಿನ ಮೇಲೆ ನಾಳೆಯ ಹಾಳೆ ಇಡಿ. ಅದರ ತುದಿಯಲ್ಲಿ ಒಂದು ಅರ್ಧ ವಾಕ್ಯ ಬರೆದು ಬಿಡಿ. ಚಿತ್ರಗಾರರಾದರೆ ಬಣ್ಣ ತುಂಬದ ಒಂದು ಮೂಲೆ. ಮುಂದೆ ಏಳನೇ ಹಂತದಲ್ಲಿ ಇದೇ ಕೆಲಸಕ್ಕೆ ಬರುತ್ತದೆ.

## ಹಂತ 3: ಮೊದಲ ಎಂಟು ವಾರ

ರಜೆಯ ದಿನ ಬಿಟ್ಟು ದಿನಾ ಹೊರಗೆ ಹೋಗಬೇಕು, ದಿನಾ ಓಡಬೇಕಿಲ್ಲ. ವಾರಕ್ಕೆ ನಾಲ್ಕು ದಿನ ಓಟ, ಎರಡು ದಿನ ಅದೇ ಹೊತ್ತಿಗೆ ನಡಿಗೆ, ಒಂದು ದಿನ ಪೂರ್ತಿ ರಜೆ. ಬೆನ್ನುಬೆನ್ನಿಗೆ ಎರಡು ದಿನಕ್ಕಿಂತ ಹೆಚ್ಚು ಓಡಬೇಡಿ. ದಮ್ಮು ಬೇಗ ಬರುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗುವುದು ತಡ. ಮೂರನೇ ವಾರ 'ಇನ್ನೂ ಓಡಬಲ್ಲೆ' ಅನ್ನಿಸುತ್ತದಲ್ಲ, ಎಡವುವುದು ಅಲ್ಲೇ.

ಮೊದಲ ಎರಡು ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಹತ್ತು ಸಲ. ಮೂರು, ನಾಲ್ಕನೇ ವಾರ: 2 ನಿಮಿಷ ಓಟ, 1 ನಿಮಿಷ ನಡಿಗೆ, ಹತ್ತು ಸಲ. ಐದು, ಆರನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ, ಐದು ಸಲ. ಏಳನೇ ವಾರ: 10 ನಿಮಿಷ ಓಟ, 1 ನಿಮಿಷ ನಡಿಗೆ, ಮೂರು ಸಲ. ಎಂಟನೇ ವಾರ 30 ನಿಮಿಷ ನಿಲ್ಲದೆ. ಯಾವುದಾದರೂ ವಾರ ಕಷ್ಟವಾದರೆ ಅದನ್ನೇ ಇನ್ನೊಮ್ಮೆ ಮಾಡಿ, ಮುಂದಕ್ಕೆ ಹಾರಬೇಡಿ. ಶುರುವಿಗೂ ಕೊನೆಗೂ ಐದೈದು ನಿಮಿಷ ನಡಿಗೆ ಇರಲಿ.

ಮೊದಲ ವಾರ ಇದು ತುಂಬಾ ಸುಲಭ ಅನ್ನಿಸಿದರೆ ಒಳ್ಳೆಯದೇ. ಈ ಎಂಟು ವಾರದಲ್ಲಿ ಕಾಲಿಗಿಂತ ಮೇಜಿಗೆ ಅಭ್ಯಾಸ ಆಗಬೇಕು. 30 ನಿಮಿಷ ಓಡಿ ಬಂದು 40 ನಿಮಿಷ ಕೂರುವುದು ರೂಢಿಯಾಗದೆ ದೂರ ಹೆಚ್ಚಿಸಿದರೆ ಕೊನೆಗೆ ಉಳಿಯುವುದು ಓಟ ಒಂದೇ.

## ಹಂತ 4: ವೇಗ ಇಳಿಸಿ, ಇನ್ನೂ ಇಳಿಸಿ

ಪರೀಕ್ಷೆ ಸರಳ. ಓಡುತ್ತಲೇ ಎರಡು ಸಾಲು ಪೂರ್ತಿ ಮಾತಾಡಲು ಬರಬೇಕು. ಜೊತೆಯಲ್ಲಿ ಯಾರೂ ಇಲ್ಲದಿದ್ದರೆ ನಿಮಗೆ ಬಾಯಿಪಾಠ ಇರುವ ಒಂದು ವಚನ ಹೇಳಿ ನೋಡಿ. ನಡುವೆ ಉಸಿರಿಗೆ ತಡಕಾಡಿದರೆ ಜೋರಾಯಿತು. ಒಂದು ಕಿ.ಮೀ.ಗೆ 8 ನಿಮಿಷ ಹಿಡಿದರೂ ತಪ್ಪಿಲ್ಲ. ಜೋರಾಗಿ ನಡೆಯುವ ಅಜ್ಜಂದಿರು ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ.

ಬರೆಯುವವರು ನಿಧಾನವಾಗಿ ಓಡಬೇಕಾದ ಕಾರಣ ಬೇರೆಯೇ ಇದೆ. ಏದುಸಿರು ಬರುವ ಓಟ ಮುಗಿದ ಮೇಲೆ ಮೈ ಸುಸ್ತಾಗಿ ನಿದ್ದೆ ಎಳೆಯುತ್ತದೆ. ಮಾತಾಡುತ್ತಾ ಓಡಿದ ಓಟ ಮುಗಿದ ಮೇಲೆ ತಲೆ ಎಚ್ಚರವಾಗಿರುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಮನೆಗೆ ಬಂದಾಗ ಇನ್ನೂ ಒಂದೆರಡು ಕಿ.ಮೀ. ಓಡಬಹುದಿತ್ತು ಅನ್ನಿಸಬೇಕು. ಅನ್ನಿಸದಿದ್ದರೆ ನಾಳೆ ಇನ್ನೂ ನಿಧಾನ.

ಹೆಜ್ಜೆ ಚಿಕ್ಕದಿರಲಿ, ಪಾದ ದೇಹದ ಕೆಳಗೇ ಬೀಳಲಿ. ಉದ್ದ ಹೆಜ್ಜೆ ಹಾಕಿ ಕಾಲನ್ನು ಮುಂದೆ ಚಾಚಿ ಊರಿದರೆ ಪೆಟ್ಟು ಮೊಣಕಾಲಿಗೆ. ಕೈ ಮುಷ್ಟಿ ಬಿಗಿಯಬೇಡಿ. ಇಷ್ಟು ಸಾಕು, ಶೈಲಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

## ಹಂತ 5: ಜಾಗ ಮತ್ತು ನಾಯಿ

ದಾವಣಗೆರೆಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಕುಂದವಾಡ ಕೆರೆ. ಗಾಜಿನ ಮನೆ ಪಕ್ಕದಲ್ಲೇ. ವಾಹನ ಇಲ್ಲ, ದಾರಿ ಸಮ, ಬೆಳಿಗ್ಗೆ ಜನ ಇರುತ್ತಾರೆ, ಒಂಟಿ ಹೆಂಗಸರಿಗೂ ಧೈರ್ಯ. ತೊಂದರೆ ಒಂದೇ, ಆರು ಗಂಟೆ ಮೇಲೆ ನಾಲ್ಕೈದು ಜನ ಅಡ್ಡಡ್ಡ ನಡೆಯುತ್ತಾರೆ. ಅದಕ್ಕೂ ಮುಂಚೆ ಹೋಗಿ. ಒಂದೇ ದಿಕ್ಕಿಗೆ ದಿನಾ ಸುತ್ತಬೇಡಿ, ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ. ಒಂದು ಸುತ್ತು ಎಷ್ಟು ದೂರ ಅಂತ ಫೋನಲ್ಲಿ ಒಮ್ಮೆ ಅಳೆದು ಬರೆದಿಡಿ. ಆಮೇಲೆ ಫೋನ್ ಮನೆಯಲ್ಲೇ ಇರಲಿ. ಕತ್ತಲಲ್ಲಿ ಒಬ್ಬರೇ ಹೋಗುವವರು ಮಾತ್ರ ಸುರಕ್ಷತೆಗೆ ಒಯ್ಯಿರಿ.

ನಗರದ ನಡುವೆ ಇರುವವರಿಗೆ ಹೈಸ್ಕೂಲ್ ಮೈದಾನ ಹತ್ತಿರ. ಮಣ್ಣಿನ ನೆಲ ಕಾಲಿಗೆ ಹಿತ. ಸುತ್ತು ಚಿಕ್ಕದಾದ್ದರಿಂದ ಬೇಸರ ಬರುತ್ತದೆ, ಆದರೆ ಯೋಚನೆಗೆ ಬೇಸರದಷ್ಟು ಒಳ್ಳೆಯದು ಇನ್ನೊಂದಿಲ್ಲ. ಭಾನುವಾರದ ಉದ್ದ ಓಟಕ್ಕೆ ಭದ್ರಾ ನಾಲೆಯ ಏರಿ ದಾರಿ ಚೆನ್ನ. ಪಕ್ಕದಲ್ಲಿ ಗದ್ದೆ, ಕಾಲ ಕೆಳಗೆ ಮಣ್ಣು. ಬೆಳಕು ಹರಿದ ಮೇಲೆಯೇ ಹೋಗಿ. ಗದ್ದೆ ಬದಿ ಹಾವು ಇರುತ್ತವೆ, ಕಟಾವಿನ ಕಾಲದಲ್ಲಿ ಟ್ರಾಕ್ಟರ್, ಭತ್ತದ ಯಂತ್ರಗಳ ಓಡಾಟ ಬೇರೆ. ಹೆದ್ದಾರಿ 48ರ ಸರ್ವಿಸ್ ರಸ್ತೆ ಮತ್ತು ಪಿ.ಬಿ. ರಸ್ತೆ ಬೇಡವೇ ಬೇಡ. ಬೇರೆ ದಾರಿಯೇ ಇಲ್ಲದೆ ರಸ್ತೆಗೆ ಇಳಿದರೆ ಬಲಗಡೆ ಅಂಚಿನಲ್ಲಿ, ಎದುರಿಗೆ ಬರುವ ಗಾಡಿ ಕಾಣುವ ಹಾಗೆ ಓಡಿ.

ಚಿತ್ರದುರ್ಗದವರಿಗೆ ಏರು ಜಾಸ್ತಿ. ಚಂದ್ರವಳ್ಳಿ ಕಡೆಯ ದಾರಿಯಲ್ಲಿ ಓಡುವುದಾದರೆ ಏರಿನಲ್ಲಿ ನಡೆಯಿರಿ, ನಾಚಿಕೆ ಬೇಡ. ಇಳಿಯುವಾಗ ಹುಷಾರು, ಮೊಣಕಾಲು ಕೆಡುವುದು ಇಳಿಜಾರಲ್ಲಿ. ಜೋಗಿಮಟ್ಟಿ ಕರಡಿ, ಚಿರತೆ ಇರುವ ವನ್ಯಧಾಮ. ನಸುಕಿನಲ್ಲಿ ಒಬ್ಬರೇ ಅತ್ತ ಓಡುವ ಸಾಹಸ ಬೇಡ.

ನಾಯಿ ಅಟ್ಟಿಸಿಕೊಂಡು ಬಂದರೆ ಓಡುವುದು ನಿಲ್ಲಿಸಿ. ಕಷ್ಟ, ಆದರೂ ನಿಲ್ಲಿಸಿ. ಕಣ್ಣಿಗೆ ಕಣ್ಣು ಕೊಡದೆ, ಬೆನ್ನು ತಿರುಗಿಸದೆ, ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಾ ಹೋಗಿ. ದಿನಾ ಅದೇ ಬೀದಿಯಲ್ಲಿ ಹೀಗಾದರೆ ಬೀದಿ ಬದಲಾಯಿಸಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ, ಪೂರ್ತಿ ಸುತ್ತು ಮುಗಿಸಿ.

## ಹಂತ 6: ಓಡುವಾಗ ತಲೆಗೆ ಏನು ಕೆಲಸ

ಇಯರ್‌ಫೋನ್ ಬೇಡ. ಗಾಡಿ, ನಾಯಿ ಎರಡರ ಸದ್ದೂ ಕೇಳಬೇಕು. ಮತ್ತೆ, ಕಿವಿಯಲ್ಲಿ ಬೇರೆಯವರ ಮಾತು ತುಂಬಿಕೊಂಡು ಹೋದರೆ ನಿಮ್ಮ ಕಥೆಯ ಪಾತ್ರ ಎಲ್ಲಿ ಮಾತಾಡಬೇಕು?

ಹೊರಡುವಾಗ ಒಂದೇ ಒಂದು ಪ್ರಶ್ನೆ ತೆಗೆದುಕೊಂಡು ಹೋಗಿ. 'ಅವಳು ಆ ಬಸ್ಸಿಂದ ಯಾಕೆ ಇಳಿದಳು?' ಅಷ್ಟು ಸಣ್ಣದು. 'ಕಾದಂಬರಿ ಹೇಗೆ ಮುಗಿಸಲಿ' ಅನ್ನುವಷ್ಟು ದೊಡ್ಡದು ಬೇಡ. ಮೊದಲ ಹತ್ತು ನಿಮಿಷ ಅದರ ಬಗ್ಗೆ ಯೋಚಿಸಬೇಡಿ, ಉಸಿರು ಸರಿಹೋಗಲಿ. ಆಮೇಲೆ ಒಮ್ಮೆ ಕೇಳಿಕೊಳ್ಳಿ, ಬಿಟ್ಟುಬಿಡಿ. ಕೆಲವು ದಿನ ಉತ್ತರ ಬರುತ್ತದೆ, ಬಹಳಷ್ಟು ದಿನ ಗ್ಯಾಸ್ ಬುಕ್ ಮಾಡಬೇಕಿತ್ತು ಅಂತ ನೆನಪಾಗುತ್ತದೆ. ಪರವಾಗಿಲ್ಲ.

ಏನಾದರೂ ಹೊಳೆದರೆ ನಿಂತು ಉದ್ದಕ್ಕೆ ಬರೆಯಲು ಹೋಗಬೇಡಿ. ಮೂರು ಪದ ಸಾಕು. ನೋಟ್‌ಬುಕ್‌ಗೆ ಹಾಕಿ ಮುಂದೆ ಹೋಗಿ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡುವವರ ಫೈಲುಗಳು ಗುಡ್ಡೆ ಬೀಳುತ್ತವೆ, ತಿರುಗಿ ಕೇಳುವವರು ಯಾರೂ ಇಲ್ಲ.

## ಹಂತ 7: ವಾಪಸ್ ಬಂದ ಮೊದಲ ಒಂದು ಗಂಟೆ

ಇಡೀ ಕ್ರಮದಲ್ಲಿ ಸಡಿಲ ಜಾಗ ಇದು. ಓಟ ಮುಗಿದ ಕಡೆಯಿಂದ ಮೇಜಿನವರೆಗೆ ಬರುವ ದಾರಿಯಲ್ಲಿ ಟೀ ಅಂಗಡಿ ಇದೆ, ಬೆಣ್ಣೆ ದೋಸೆ ಹೋಟೆಲ್ ಇದೆ, ಗೆಳೆಯರು ಇದ್ದಾರೆ. 'ಏನ್ ಸರ್, ಯಾವ ಮ್ಯಾರಥಾನ್‌ಗೆ ತಯಾರಿ?' ಅಂತ ಒಬ್ಬರು ನಿಲ್ಲಿಸಿದರೆ ಹದಿನೈದು ನಿಮಿಷ ಹೋಯಿತು. ದೋಸೆಗೆ ಕೂತರೆ ಮುಕ್ಕಾಲು ಗಂಟೆ, ಮೇಲೆ ಹೊಟ್ಟೆ ಭಾರ. ದಾವಣಗೆರೆಯಲ್ಲಿ ಓಟಗಾರರ ಬರಹವನ್ನು ಬೆಣ್ಣೆ ದೋಸೆ ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ ಅಂತ ನನ್ನ ಅನುಮಾನ. ದೋಸೆಗೆ ಭಾನುವಾರ ಇದೆ. ವಾರದ ದಿನ ಕೈ ಬೀಸಿ ಮುಂದೆ ಹೋಗಿ.

ಮನೆಗೆ ಬಂದ ಮೇಲೆ ಹೀಗೆ ಮಾಡಿ. ಬಾಗಿಲಲ್ಲಿ ಶೂ ಬಿಚ್ಚಿ, ಒಳಗಿನ ಅಟ್ಟೆ ಹೊರತೆಗೆದು ಗಾಳಿಗೆ ಇಡಿ. ಒಂದೂವರೆ ಲೋಟ ನೀರು ನಿಧಾನವಾಗಿ ಕುಡಿಯಿರಿ. ಒದ್ದೆ ಬಟ್ಟೆ ಬದಲಿಸಿ, ಟವೆಲ್‌ನಲ್ಲಿ ಕುತ್ತಿಗೆ, ತೋಳು ಒರೆಸಿಕೊಳ್ಳಿ. ಗೋಡೆಗೆ ಕೈ ಕೊಟ್ಟು ಮೀನಖಂಡ ಹಿಗ್ಗಿಸಿ, ಒಂದೊಂದು ಕಾಲಿಗೆ ಅರ್ಧ ನಿಮಿಷ. ಬಾಳೆಹಣ್ಣು ಒಂದು. ಕಾಫಿ ಬೇಕಾದರೆ ಮೇಜಿಗೇ ತರಿಸಿಕೊಳ್ಳಿ. ಹತ್ತು ನಿಮಿಷದೊಳಗೆ ಕುರ್ಚಿಯಲ್ಲಿ ಇರಬೇಕು. ಸ್ನಾನ ಆಮೇಲೆ. ಬಿಸಿನೀರು ಬಿದ್ದರೆ ಮೈ ಸಡಿಲಾಗಿ ಮಂಪರು ಹತ್ತುತ್ತದೆ. ಫೋನ್ ಇನ್ನೊಂದು ಕೋಣೆಯಲ್ಲಿ.

ಹಿಂದಿನ ರಾತ್ರಿ ಬಿಟ್ಟ ಅರ್ಧ ವಾಕ್ಯವನ್ನು ಮುಗಿಸಿ. ಚೆನ್ನಾಗಿರಬೇಕಿಲ್ಲ. ಆಮೇಲೆ ನೋಟ್‌ಬುಕ್‌ನ ಮೂರು ಪದ ಬಿಡಿಸಿ ಬರೆಯಿರಿ. ಮುಂದೆ 40 ನಿಮಿಷ ಹೊಸದನ್ನೇ ಬರೆಯಿರಿ, ಹಳೆಯದನ್ನು ತಿದ್ದಬೇಡಿ.

ಯಾಕೆ ತಿದ್ದಬಾರದು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಡೆಯುವಾಗಲೂ, ನಡೆದು ಬಂದು ಕೂತ ಸ್ವಲ್ಪ ಹೊತ್ತೂ ಜನರಿಗೆ ಹೊಸ ಹೊಸ ಆಲೋಚನೆ ಹೆಚ್ಚು ಬಂದವು. ಒಂದೇ ಸರಿ ಉತ್ತರ ಇರುವ ಪದದ ಒಗಟುಗಳಲ್ಲಿ ಮಾತ್ರ ನಡೆಯುತ್ತಿದ್ದವರು ಸ್ವಲ್ಪ ಹಿಂದೆ ಬಿದ್ದರು. ಅದು ನಡಿಗೆಯ ಅಧ್ಯಯನ, ಓಟದ್ದಲ್ಲ. ಆದರೂ ಮಾತಾಡುತ್ತಾ ಓಡುವ ನಿಧಾನದ ಓಟಕ್ಕೆ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಹೊಸ ಬರಹ ಓಟದ ಬೆನ್ನಿಗೆ, ಕಾಗುಣಿತ ನೋಡುವುದು, ಸಾಲು ಕತ್ತರಿಸುವುದು, ಲೆಕ್ಕ ಹಾಕುವುದು ಸಂಜೆಗೆ.

ಚಿತ್ರಗಾರರಿಗೆ ಒಂದು ಮಾತು. ಓಡಿದ ಕೂಡಲೇ ಕೈ ಸಣ್ಣಗೆ ನಡುಗಬಹುದು. ದೊಡ್ಡ ಬಣ್ಣದ ಹರವಿನಿಂದ ಶುರು ಮಾಡಿ, ಸಣ್ಣ ಗೆರೆ ಅರ್ಧ ಗಂಟೆ ಬಿಟ್ಟು. ಹಾಡುವವರು ಉಸಿರು ಪೂರ್ತಿ ತಿಳಿಯಾಗುವವರೆಗೆ ಕಾದು, ಬೆಚ್ಚಗಿನ ನೀರು ಕುಡಿದು ಮಂದ್ರದಿಂದ ಆರಂಭಿಸಿ. ಧೂಳಿನ ದಾರಿಯಲ್ಲಿ ಬಾಯಿ ತೆರೆದು ಓಡಿದರೆ ಗಂಟಲು ಒಣಗುತ್ತದೆ.

ತಿಂಡಿ ಏಳರ ಮೇಲೆ, ಹೊಟ್ಟೆ ತುಂಬ. ಬರೀ ಮಂಡಕ್ಕಿಯಿಂದ ಆಗುವುದಿಲ್ಲ. ಮೊಟ್ಟೆ, ಮೊಳಕೆ ಕಾಳು, ಶೇಂಗಾ ಚಟ್ನಿ ಜೊತೆ ರೊಟ್ಟಿ, ಹಾಗೆ ಏನಾದರೂ ಗಟ್ಟಿಯಾದದ್ದು.

## ಹಂತ 8: ದೂರ ಹೆಚ್ಚಿಸುವುದು

ಎಂಟು ವಾರ ಮುಗಿದ ಮೇಲೆ ವಾರದ ಒಟ್ಟು ದೂರಕ್ಕೆ ಅಂದಾಜು ಶೇ. 10ರಷ್ಟು ಸೇರಿಸುತ್ತಾ ಹೋಗಿ. 16 ಕಿ.ಮೀ. ಇದ್ದರೆ ಮುಂದಿನ ವಾರ ಹದಿನೇಳೂವರೆ. ಪ್ರತಿ ನಾಲ್ಕನೇ ವಾರ ಕಾಲು ಭಾಗ ಇಳಿಸಿ. ಹೆಚ್ಚಿಸುವುದೆಲ್ಲ ಭಾನುವಾರಕ್ಕೇ ಹಾಕಬೇಡಿ. ವಾರದ ಒಟ್ಟಿನಲ್ಲಿ ಭಾನುವಾರದ ಪಾಲು ಅರ್ಧ ದಾಟಬಾರದು.

ಭಾನುವಾರ ಮೇಜಿಗೆ ರಜೆ. ಹದಿನಾಲ್ಕು ಕಿ.ಮೀ. ಓಡಿ ಬಂದು ಕವಿತೆ ಬರೆಯುತ್ತೇನೆ ಅಂದುಕೊಳ್ಳುವುದು ಸುಮ್ನೆ ಆಸೆ. ಅಂದು ಓದಿ, ಮಲಗಿ, ದೋಸೆ ತಿನ್ನಿ. ಹಾಗೇ, ಹಸ್ತಪ್ರತಿ ಒಪ್ಪಿಸುವ ವಾರ, ನಾಟಕದ ಕೊನೆಯ ತಾಲೀಮಿನ ವಾರ ಓಟವನ್ನು ಅರ್ಧಕ್ಕೆ ಇಳಿಸಿ. ಎರಡನ್ನೂ ಒಂದೇ ವಾರ ಏರಿಸುವುದು ಬೇಡ.

## ಹಂತ 9: ಬೇಸಿಗೆಗೆ ಬೇರೆ ಲೆಕ್ಕ

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಮಧ್ಯಾಹ್ನ ಸುಡು ಬಿಸಿಲು ಮಾಮೂಲು. ಅದೃಷ್ಟಕ್ಕೆ ಮೇ ಕೊನೆಗೆ ಆರಕ್ಕೂ ಸ್ವಲ್ಪ ಮುಂಚೆ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಾದರೆ ಆರೂ ಮುಕ್ಕಾಲು ದಾಟುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅರ್ಧ ಗಂಟೆ ಮುಂಚೆ ಹೊರಟರೂ ಚಳಿಗಾಲದಷ್ಟು ಕತ್ತಲಿರುವುದಿಲ್ಲ. ಫೆಬ್ರವರಿ ಕೊನೆಯಿಂದಲೇ ವೇಗ ಇಳಿಸಿ. ಮೈ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು.

ಒಂದು ಗಂಟೆಯೊಳಗಿನ ಓಟಕ್ಕೆ ನೀರು ಸಾಕು. ಅದಕ್ಕೂ ಹೆಚ್ಚಾದರೆ ಓ.ಆರ್.ಎಸ್. ಇಟ್ಟುಕೊಳ್ಳಿ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್‌ಗೆ. ಕಡಿಮೆ ನೀರಿಗೆ ಗಟ್ಟಿಯಾಗಿ ಕಲಸುವುದು ತಪ್ಪು. ಬಾಯಾರಿಕೆ ಇಲ್ಲದಿದ್ದರೂ ಲೀಟರ್‌ಗಟ್ಟಲೆ ಕುಡಿಯುವುದೂ ತಪ್ಪು, ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾಗುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಕೆಲವರಿಗೆ ಇದೆ. ಸೆಕೆಯಲ್ಲಿ, ನೀರು ಕಡಿಮೆಯಾದಾಗ ಅದು ಕಿಡ್ನಿಗೆ ಪೆಟ್ಟು.

## ಮೈ ಕೊಡುವ ಎಚ್ಚರಿಕೆ

ಎದೆ ನೋವು ಅಥವಾ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ಕಣ್ಣು ಕತ್ತಲೆ ಬರುವುದು: ಅಲ್ಲೇ ನಿಲ್ಲಿ, ಕೂರಿ, 108ಕ್ಕೆ ಕರೆ ಮಾಡಿಸಿ. ಗ್ಯಾಸ್ ಇರಬಹುದು ಅಂತ ಸೋಡಾ ಕುಡಿದು ಕಾಯಬೇಡಿ. ಸೆಕೆಯಲ್ಲಿ ಇದ್ದಕ್ಕಿದ್ದಂತೆ ಚಳಿಯಾಗಿ ಮೈ ಜುಮ್ಮೆಂದರೆ, ಮಾತು ತೊದಲಿದರೆ, ವಾಂತಿ ಬಂದರೆ ನೆರಳಿಗೆ ಹೋಗಿ ಮೈಮೇಲೆ ನೀರು ಸುರಿಸಿಕೊಳ್ಳಿ, ಗಾಳಿ ಹಾಕಿಸಿ. ಮಾತು ತೊದಲಿದರೆ ಅಥವಾ ಅಸಂಬದ್ಧವಾದರೆ ತಡಮಾಡದೆ ಆಸ್ಪತ್ರೆ. ಉದ್ದ ಓಟದ ನಂತರ ಮೈಕೈ ವಿಪರೀತ ನೋವಿದ್ದು ಮೂತ್ರ ಕಡು ಕಂದು ಬಣ್ಣವಾದರೂ ಆಸ್ಪತ್ರೆಗೇ.

ಮೊಣಕಾಲ ಕೆಳಗಿನ ಮುಂದಿನ ಮೂಳೆ ನೋಯುವುದು ಹೊಸಬರಲ್ಲಿ ಬಹಳ. ಕುರ್ಚಿ ಮೇಲೆ ಕೂತು, ಹೆಬ್ಬೆರಳಿನಿಂದ ಆ ಮೂಳೆಯ ಒಳ ಅಂಚನ್ನು ಮೇಲಿಂದ ಕೆಳಗೆ ಒಂದೊಂದು ಇಂಚು ಒತ್ತುತ್ತಾ ಬನ್ನಿ. ನಾಲ್ಕು ಬೆರಳು ಅಗಲಕ್ಕೆ ಸುಮಾರಾಗಿ ನೋವು ಹರಡಿದ್ದರೆ, ಓಡುತ್ತಾ ಕಡಿಮೆಯಾದರೆ, ದೂರ ಅರ್ಧಕ್ಕೆ ಇಳಿಸಿ ಮಣ್ಣಿನ ನೆಲಕ್ಕೆ ಹೋಗಿ. ಒಂದೇ ಚುಕ್ಕೆಯಲ್ಲಿ ಒತ್ತಿದಾಗ ಕಾಲು ಎಳೆದುಕೊಳ್ಳುವಷ್ಟು ನೋವಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಇದು ಕಾಣದೇ ಇರಬಹುದು. ಎಕ್ಸ್‌ರೇ ಸರಿಯಿದೆ ಅಂತ ಮತ್ತೆ ಓಡಲು ಹೊರಡಬೇಡಿ.

ಬೆಳಿಗ್ಗೆ ಮಂಚದಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ಅಡಿಯ ಗಟ್ಟಿ ಅಂಗಾಂಶದ ಪಟ್ಟಿ ಕೆರಳಿರಬಹುದು. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಓಡಾಡುವುದು ಬಿಡಿ, ಮೀನಖಂಡ ಹಿಗ್ಗಿಸಿ, ಶೂ ಹಳೆಯದಾಗಿದೆಯಾ ನೋಡಿ. ಎಷ್ಟು ನಿಧಾನ ಓಡಿದರೂ ವಾರಗಟ್ಟಲೆ ಸುಸ್ತು ಹೋಗದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಕಬ್ಬಿಣದಂಶ ಕಡಿಮೆ ಇರುವುದು ಸಾಮಾನ್ಯ.

## ಮೇಜು ಕೊಡುವ ಎಚ್ಚರಿಕೆ

ಇದನ್ನು ಯಾರೂ ಗಮನಿಸುವುದಿಲ್ಲ. ಎರಡು ವಾರದಿಂದ ಕಿ.ಮೀ. ಲೆಕ್ಕ ಮಾತ್ರ ಬೆಳೆದು ಪುಟದ ಲೆಕ್ಕ ನಿಂತಿದೆಯಾ? ಬರೆಯುವ ಹೊತ್ತಿನಲ್ಲಿ ಶೂಗಳ ಬಗ್ಗೆ ಓದುತ್ತಾ ಕೂತಿದ್ದೀರಾ? ಬರವಣಿಗೆ ಕಷ್ಟವಾದ ದಿನವೇ 'ಇವತ್ತು ಇನ್ನೊಂದು ಸುತ್ತು ಓಡೋಣ' ಅನ್ನಿಸುತ್ತಿದೆಯಾ? ಹಾಗಾದರೆ ಓಟ ತಪ್ಪಿಸಿಕೊಳ್ಳುವ ದಾರಿಯಾಗಿದೆ. ಒಂದು ವಾರ ದೂರವನ್ನು 3 ಕಿ.ಮೀ.ಗೆ ಇಳಿಸಿ, ಮೇಜಿನ ಹೊತ್ತು ಹಾಗೇ ಉಳಿಸಿ. ಉಲ್ಟಾ ಕೂಡ ನಡೆಯುತ್ತದೆ. ಬರಹ ಚೆನ್ನಾಗಿ ಹರಿಯುತ್ತಿದ್ದಾಗ ಓಟ ಬಿಡುತ್ತಾರೆ. ಆಗ ನಿಲ್ಲಿಸಬೇಡಿ, ಹದಿನೈದು ನಿಮಿಷಕ್ಕೆ ಇಳಿಸಿ.

## ತಪ್ಪಿದ ಮೇಲೆ ಮತ್ತೆ ಹಿಡಿಯುವುದು

ಮದುವೆ ಸೀಸನ್, ಹಬ್ಬ, ಊರ ಜಾತ್ರೆ. ತಪ್ಪಿಯೇ ತಪ್ಪುತ್ತದೆ. ಬಿಟ್ಟ ದೂರವನ್ನು ಮುಂದಿನ ವಾರ ಸೇರಿಸಿ ಸರಿದೂಗಿಸಲು ಹೋಗಬೇಡಿ. ಒಂದು ವಾರ ತಪ್ಪಿದ್ದರೆ ಹಿಂದಿನ ದೂರದ ಮುಕ್ಕಾಲರಿಂದ ಶುರು ಮಾಡಿ. ಒಂದು ತಿಂಗಳು ತಪ್ಪಿದ್ದರೆ ಐದನೇ ವಾರದ ಓಟ-ನಡಿಗೆಗೆ ಹಿಂತಿರುಗಿ. ನಡುವೆ ಮೇಜು ಬಿಟ್ಟಿದ್ದರೆ ಮೊದಲು ಅದನ್ನು ಎರಡು ದಿನ ಹಿಡಿಯಿರಿ, ಮೂರನೇ ದಿನ ಶೂ ಹಾಕಿ.

ನೆಗಡಿ ಮೂಗಿನಲ್ಲಷ್ಟೇ ಇದ್ದರೆ ನಿಧಾನವಾಗಿ ಓಡಬಹುದು. ಎದೆಗೆ ಇಳಿದ ಕೆಮ್ಮು, ಮೈಕೈ ನೋವು, ಜ್ವರ ಇದ್ದರೆ ಓಟ ಬೇಡ. ಜ್ವರದಲ್ಲಿ ಓಡಿದರೆ ಅಪರೂಪಕ್ಕೆ ಹೃದಯದ ಸ್ನಾಯುವಿಗೇ ಉರಿಯೂತ ಬರುತ್ತದೆ. ಮಾಮೂಲಿ ಜ್ವರ ಬಿಟ್ಟ ಮೇಲೆ ಒಂದು ವಾರ ಬರೀ ನಡಿಗೆ. ಡೆಂಗಿ, ಚಿಕೂನ್‌ಗುನ್ಯಾ ಆಗಿದ್ದರೆ ಡಾಕ್ಟರ್ ಹೇಳುವವರೆಗೆ ಅದೂ ಇಲ್ಲ. ಆ ದಿನಗಳಲ್ಲಿ ಅಲಾರಂ ಮಾತ್ರ 6ಕ್ಕೆ ಇಟ್ಟುಕೊಳ್ಳಿ, ಎದ್ದು ಕೂರಲು ಆದಷ್ಟು ಹೊತ್ತು ಮೇಜಿಗೆ ಕೂರಿ.